ಏಳು ಮಿಲಿಮೀಟರು

ತಾಪತ್ರಯವೆಲ್ಲ ಶುರುವಾದದ್ದು ಏಳು ಮಿಲಿಮೀಟರಿನಿಂದ. ಏಳು ಮಿಲಿಮೀಟರೆಂದರೆ ಒಂದು ಅಕ್ಕಿಕಾಳಿನ ಉದ್ದ. ತಟ್ಟೆಯಿಂದ ಕೆಳಗೆ ಬಿದ್ದರೆ ಇರುವೆ ಬಿಟ್ಟು ಇನ್ಯಾರೂ ತಿರುಗಿ ನೋಡುವುದಿಲ್ಲ. ಆದರೆ ಪೊಲೀಸ್ ಕೆಲಸಕ್ಕೆ ಸೇರುವ ಹೆಂಗಸರು ನೂರ ಐವತ್ತೇಳು ಸೆಂಟಿಮೀಟರಿಗೆ ಕಡಿಮೆ ಇರಬಾರದೆಂದು ಕರೆಪತ್ರದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಬೀದಿಯವರೆಲ್ಲ ಗಿಡ್ಡಿ ಎಂದೇ ಕರೆಯುತ್ತಿದ್ದ ಹುಡುಗಿ ಮಧ್ಯಾಹ್ನದ ಹೊತ್ತಿಗೆ ನೂರ ಐವತ್ತಾರು ಪಾಯಿಂಟ್ ಮೂರು ಇರುತ್ತಿದ್ದಳು.

ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಅಳೆದರೆ ಸರಿಯಾಗಿ ನೂರ ಐವತ್ತೇಳು. ಮನುಷ್ಯ ರಾತ್ರಿ ಮಲಗಿದಾಗ ಬೆನ್ನುಮೂಳೆ ಹಿಗ್ಗುತ್ತದೆ, ಹಗಲು ನಿಂತು ಕೂತು ಮಾಡಿದಂತೆಲ್ಲ ಕುಗ್ಗುತ್ತದೆ ಎಂಬುದನ್ನು ಪತ್ತೆಹಚ್ಚಿದವರು ಎದುರುಮನೆಯ ಡ್ರಿಲ್ ಮೇಷ್ಟ್ರು. ಅಳತೆಗೆ ಕರೆದಿದ್ದದ್ದು ಮಧ್ಯಾಹ್ನ ಎರಡು ಗಂಟೆಗೆ.

"ಹಾಗಾದ್ರೆ ಏಳಲೇಬೇಡ," ಎಂದರು ಮೇಷ್ಟ್ರು. "ರಾತ್ರಿ ಮಲಗಿದವಳು ಎರಡು ಗಂಟೆವರೆಗೂ ಮಲಗೇ ಇರು. ಮಲಗಿದ ಹಾಗೇ ಕರ್ಕೊಂಡು ಹೋಗೋಣ. ಅಳತೆ ಕಂಬದ ಹತ್ರ ಎತ್ತಿ ನಿಲ್ಲಿಸಿಬಿಡೋಣ."

ನಗಬೇಕೋ ಅಳಬೇಕೋ ಗಿಡ್ಡಿಗೆ ತಿಳಿಯಲಿಲ್ಲ. ಲಿಖಿತ ಪರೀಕ್ಷೆಯಲ್ಲಿ ಅವಳು ಒಳ್ಳೆಯ ಅಂಕ ಪಡೆದಿದ್ದಳು. ಆದರೆ ಮುಂದಿನ ತಿಂಗಳು ವಯಸ್ಸಿನ ಮಿತಿ ದಾಟುತ್ತಿತ್ತು, ಇದೇ ಕೊನೆಯ ಅವಕಾಶ. ಇದು ತಪ್ಪಿದರೆ ಚಿಕ್ಕಮ್ಮನ ಜೆರಾಕ್ಸ್ ಅಂಗಡಿ ಬಾಯಿ ತೆರೆದುಕೊಂಡು ಕಾದಿತ್ತು. ಆ ಅಂಗಡಿಯಲ್ಲಿ ಹೆಚ್ಚು ಗದ್ದಲ ಮಾಡುವುದು ಯಂತ್ರವೋ ಚಿಕ್ಕಮ್ಮನೋ ಎಂಬುದು ಇಡೀ ಬೀದಿಗೆ ಇನ್ನೂ ಇತ್ಯರ್ಥವಾಗದ ಪ್ರಶ್ನೆ.

"ನನ್ನ ಅಂಗಡಿ ಮೇಲಿನ ಕಪಾಟೂ ಎಟುಕಲ್ಲ ಇವಳಿಗೆ," ಎಂದು ಚಿಕ್ಕಮ್ಮ ಬಂದಾಗಲೆಲ್ಲ ಹೇಳುತ್ತಿದ್ದಳು. "ಕಳ್ಳನ ಕಾಲರ್ ಎಟುಕುತ್ತಾ?"

ಗಿಡ್ಡಿಯ ಬೆನ್ನಿಗೆ ನಿಂತ ಪರಿಣತರು ಇಬ್ಬರು. ಒಬ್ಬ ಮೂಲೆ ಅಂಗಡಿಯ ಟೈಲರಣ್ಣ. ಮೂವತ್ತು ವರ್ಷಗಳಿಂದ ಒಂದೇ ಟೇಪನ್ನು ಕೊರಳಿಗೆ ಹಾಕಿಕೊಂಡು ಬೀದಿಯವರ ಮೈಯಳತೆಯನ್ನೆಲ್ಲ ತೆಗೆದವನು. ಎಂದೋ ಪುಸ್ತಕದಲ್ಲಿ ಬರೆದಿಟ್ಟ ಅಳತೆ ನೋಡಿ, ಆ ಟೇಪಿನಿಂದಲೇ ಕತ್ತರಿಸಿ ಅವನು ಹೊಲಿದ ಬಟ್ಟೆ ಎಲ್ಲರಿಗೂ ಒಂದು ಸುತ್ತು ದೊಡ್ಡದಾಗುತ್ತಿತ್ತು. ಯಾರಾದರೂ ಕೇಳಿದರೆ, "ಒಗೆದಾಗ ಕುಗ್ಗುತ್ತೆ" ಎನ್ನುತ್ತಿದ್ದ. ಕುಗ್ಗದಿದ್ದರೆ, "ನೀವು ಸೊರಗಿದೀರಿ" ಎನ್ನುತ್ತಿದ್ದ. ಗಿಡ್ಡಿಯನ್ನು ದಿನಕ್ಕೆರಡು ಸಲ ಗೋಡೆಗೆ ನಿಲ್ಲಿಸಿ ಅಳೆಯುವ ಹೊಣೆ ಅವನದು.

ಇನ್ನೊಬ್ಬರು ಡ್ರಿಲ್ ಮೇಷ್ಟ್ರು. ನಿವೃತ್ತರಾದರೂ ಕೊರಳಿನ ಸೀಟಿ ಇಳಿದಿರಲಿಲ್ಲ, ಕೈಯ ಸ್ಟಾಪ್‌ವಾಚ್ ಬಿಟ್ಟಿರಲಿಲ್ಲ. ಅವರ ಕಾಲದಲ್ಲಿ ಶಾಲೆಯ ಮಕ್ಕಳು ಶಾಲೆಯ ಮೈದಾನದಲ್ಲಿ ಎಲ್ಲ ದಾಖಲೆಗಳನ್ನೂ ಮುರಿಯುತ್ತಿದ್ದರು. ಹೊರಗಿನ ಸ್ಪರ್ಧೆಗೆ ಹೋದರೆ ಮಾತ್ರ ಕೊನೆಗೆ ಬರುತ್ತಿದ್ದರು. "ಅವರ ನೆಲ ಸರಿಯಿಲ್ಲ," ಎನ್ನುತ್ತಿದ್ದರು ಮೇಷ್ಟ್ರು.

ಓಟದ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ನಾನೂರು ಮೀಟರನ್ನು ಎರಡು ನಿಮಿಷದೊಳಗೆ ಮುಗಿಸಬೇಕಿತ್ತು, ಗಿಡ್ಡಿ ಮೊದಲ ದಿನವೇ ಒಂದು ನಿಮಿಷ ಐವತ್ತೆರಡು ಸೆಕೆಂಡಿಗೆ ಮುಗಿಸಿದ್ದಳು. "ಓಟ ಸಾಕು, ನೇತಾಡು," ಎಂದಿದ್ದರು ಮೇಷ್ಟ್ರು. ಹಾಗಾಗಿ ನಾಲ್ಕು ತಿಂಗಳು ಅವಳು ದಿನಾ ಒಂದೇ ಸುತ್ತು ಓಡಿ, ಆಮೇಲೆ ಒಂದು ಗಂಟೆ ಕಬ್ಬಿಣದ ಸರಳಿಗೆ ಬಾವಲಿಯ ಹಾಗೆ ನೇತುಬಿದ್ದಳು. ಕೈ ಉದ್ದವಾದಂತೆ ಕಂಡಿತೇ ಹೊರತು ಎತ್ತರ ಕೂದಲೆಳೆಯಷ್ಟೂ ಏರಲಿಲ್ಲ.

ಅಂತೂ ಆ ದಿನ ಬಂತು. ಬೆಳಿಗ್ಗೆ ಆರಕ್ಕೆ ಗಿಡ್ಡಿ ಕಣ್ಣುಬಿಟ್ಟಾಗ ಅಮ್ಮ, ಮೇಷ್ಟ್ರು, ಟೈಲರಣ್ಣ ಮೂವರೂ ಮಂಚದ ಸುತ್ತ ನಿಂತು ಬಗ್ಗಿ ನೋಡುತ್ತಿದ್ದರು. ಒಂದು ಕ್ಷಣ ಅವಳಿಗೆ ತಾನು ಸತ್ತೇಹೋದೆನೆನ್ನಿಸಿತು.

"ಏಳಬೇಡ!" ಎಂದರು ಮೂವರೂ ಒಟ್ಟಿಗೆ.

ಬಚ್ಚಲಿಗೆ ಹೋಗಲು ಮೂರು ನಿಮಿಷದ ರಿಯಾಯಿತಿ ಸಿಕ್ಕಿತು. ಮೇಷ್ಟ್ರು ಬಾಗಿಲ ಹೊರಗೆ ಸ್ಟಾಪ್‌ವಾಚ್ ಹಿಡಿದು ನಿಂತರು.

"ಮುಗೀತಾ ಸಾರ್ ಮೂರು ನಿಮಿಷ? ನನ್ನ ಒಲೆ ಮೇಲಿನ ಹಾಲು ಆಗಲೇ ಉಕ್ಕಿಹೋಯ್ತು," ಎಂದಳು ಅಮ್ಮ.

"ನಿಮ್ಮ ಹಾಲಿಗೆ ಶಿಸ್ತಿಲ್ಲಮ್ಮಾ," ಎಂದರು ಮೇಷ್ಟ್ರು. "ಇನ್ನೂ ಹದಿನೈದು ಸೆಕೆಂಡಿದೆ."

ಮತ್ತೆ ಮಲಗಿದವಳಿಗೆ ಅಮ್ಮ ಚಹಾವನ್ನು ಚಮಚದಲ್ಲಿ ಕುಡಿಸಿದಳು. ಅರ್ಧ ಬಾಯಿಗೆ ಹೋಯಿತು, ಅರ್ಧ ಕಿವಿಗೆ. ತಲೆ ಬಾಚಲು ಅವಳನ್ನು ಚಪಾತಿಯ ಹಾಗೆ ಮಗುಚಿ ಹಾಕಿದರು. ಹನ್ನೆರಡೂವರೆಗೆ ಹಾಸಿಗೆ ಅಂಗಡಿಯವನು ತನ್ನ ಗೂಡ್ಸ್ ಗಾಡಿ ತಂದ. ಟೈಲರಣ್ಣ ತನ್ನ ಬಟ್ಟೆ ಕತ್ತರಿಸುವ ಮೇಜಿನ ಹಲಗೆಯನ್ನೇ ಕಳಚಿ ತಂದಿದ್ದ. ಗಿಡ್ಡಿಯನ್ನು ಹಲಗೆಯ ಮೇಲೆ ಮಲಗಿಸಿ, ಉರುಳದ ಹಾಗೆ ಎರಡು ಕಡೆ ಕಟ್ಟಿ, ಧೂಳು ಬೀಳದಿರಲೆಂದು ಬಿಳಿ ಬಟ್ಟೆ ಹೊದಿಸಿ, ನಾಲ್ಕು ಜನ ಹೆಗಲು ಕೊಟ್ಟು ಹೊರಗೆ ತಂದರು.

ಬೀದಿಯ ಕೊನೆಯ ಮನೆಯ ಅಜ್ಜಿ ಅದನ್ನು ಕಂಡದ್ದೇ ಎದೆ ಬಡಿದುಕೊಂಡಳು. "ಅಯ್ಯೋ, ನಿನ್ನೆ ನನ್ನ ಹತ್ರ ಮಾತಾಡಿತ್ತಲ್ಲೋ ಕೂಸು!"

"ಚೆನ್ನಾಗಿದೀನಿ ಅಜ್ಜಿ," ಎಂದಿತು ಬಟ್ಟೆಯೊಳಗಿನ ದನಿ. ಅಜ್ಜಿ ಅಲ್ಲೇ ಕುಸಿದು ಕೂತಳು. ಅವಳಿಗೆ ನೀರು ಕುಡಿಸಿ ಹೊರಡುವುದರಲ್ಲಿ ಹತ್ತು ನಿಮಿಷ ಹೋಯಿತು.

ದೊಡ್ಡ ರಸ್ತೆಗೆ ಬಂದರೆ ಗಾಡಿಗಳು ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಟ್ರಾಫಿಕ್ ಪೊಲೀಸನೊಬ್ಬ ಹತ್ತಿರ ಬಂದು, ಬಿಳಿ ಬಟ್ಟೆ, ಹಲಗೆ, ಹಗ್ಗಗಳನ್ನು ನೋಡಿ ಟೋಪಿ ತೆಗೆದ.

"ಯಾವಾಗ ಹೋಗಿದ್ದು?" ಎಂದು ಮೆಲ್ಲಗೆ ಕೇಳಿದ.

"ಈಗ ತಾನೆ ಹೊರಟ್ವಿ ಸಾರ್," ಎಂದ ಹಾಸಿಗೆ ಅಂಗಡಿಯವನು. "ಎರಡು ಗಂಟೆಯೊಳಗೆ ಮುಟ್ಟಿಸಬೇಕು. ತಡ ಆದ್ರೆ ಕುಗ್ಗಿಹೋಗುತ್ತೆ."

ಪೊಲೀಸನ ಮುಖ ವಿಚಿತ್ರವಾಯಿತು. ಅದೇ ಹೊತ್ತಿಗೆ ಬಟ್ಟೆಯ ನೂಲು ಮೂಗಿಗೆ ಹೋಗಿ ಗಿಡ್ಡಿ ಸೀನಿದಳು. ಪೊಲೀಸ್ ಎರಡು ಹೆಜ್ಜೆ ಹಿಂದೆ ಹಾರಿದ.

"ಜೀವ ಇದೆ! ಜೀವ ಇಟ್ಕೊಂಡು ಹೀಗೆ ಹೊತ್ಕೊಂಡು ಹೋಗ್ತೀರಲ್ರೀ, ಮನುಷ್ಯರಾ ನೀವು?" ಎಂದು ಕೂಗಿ, ಯಾರ ಮಾತನ್ನೂ ಕೇಳದೆ ಬೈಕ್ ಹತ್ತಿ ಸೀಟಿ ಊದುತ್ತ ದಾರಿ ಬಿಡಿಸಿದ. ಗಾಡಿಗಳು ಇಬ್ಭಾಗವಾದವು. ರಾಜರಿಗೂ ಸಿಗದ ಆ ಮೆರವಣಿಗೆ ನೇರವಾಗಿ ಹೋಗಿ ನಿಂತದ್ದು ಆಸ್ಪತ್ರೆಯ ಬಾಗಿಲಿಗೆ.

ಗಿಡ್ಡಿ ಹಲಗೆಯಿಂದ ಸ್ಟ್ರೆಚರಿಗೆ ಬಂದಳು. ಬೆನ್ನು ಬಾಗದ ಕಾರಣ ಮೇಷ್ಟ್ರು ಆಕ್ಷೇಪಿಸಲಿಲ್ಲ. ಡಾಕ್ಟರು ಓಡಿ ಬಂದು ನಾಡಿ ಹಿಡಿದರು.

"ಎಲ್ಲಿ ನೋವು?"

"ಎಲ್ಲೂ ಇಲ್ಲ ಡಾಕ್ಟ್ರೇ."

"ಮತ್ತೆ ಯಾಕೆ ಮಲಗಿದೀಯಮ್ಮ?"

"ಉದ್ದ ಆಗೋಕೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಅಮ್ಮನನ್ನು ಪಕ್ಕಕ್ಕೆ ಕರೆದು, "ಮನೇಲಿ ಇನ್ಯಾರಿಗಾದ್ರೂ ಹೀಗೆ ಅನ್ನಿಸುತ್ತಾ?" ಎಂದು ದನಿ ತಗ್ಗಿಸಿ ಕೇಳಿದರು.

"ನಮ್ಮ ಬೀದಿಗೆಲ್ಲ ಹಾಗೇ ಅನ್ನಿಸುತ್ತೆ ಡಾಕ್ಟ್ರೇ," ಎಂದಳು ಅಮ್ಮ ಪ್ರಾಮಾಣಿಕವಾಗಿ.

ಡಾಕ್ಟರು ಇನ್ನೊಬ್ಬ ಡಾಕ್ಟರನ್ನು ಕರೆತರಲು ಒಳಗೆ ಹೋದರು. ಅಷ್ಟರಲ್ಲಿ ನಾಲ್ವರೂ ಸೇರಿ ಗಿಡ್ಡಿಯನ್ನು ಮತ್ತೆ ಹಲಗೆಗೆ ಹಾಕಿ ಗಾಡಿಗೆ ತುಂಬಿಕೊಂಡು ಪರಾರಿಯಾದರು.

ಪೊಲೀಸ್ ಮೈದಾನ ಮುಟ್ಟಿದಾಗ ಎರಡಕ್ಕೆ ಐದು ನಿಮಿಷ. ಅಳತೆಯ ಮೇಜಿನ ಹಿಂದೆ ಇನ್‌ಸ್ಪೆಕ್ಟರ್ ಮೇಡಂ ಕೂತಿದ್ದರು. ಬೆಳಗಿನಿಂದ ಬಿಸಿಲು ಕುಡಿದು ಅವರ ಸಹನೆ ಹಪ್ಪಳದಂತಾಗಿತ್ತು. ಹಗ್ಗದಾಚೆ ಹಲಗೆ ಹೊತ್ತು ನಿಂತ ಗುಂಪನ್ನು ನೋಡಿ ಅವರು ಎದ್ದೇ ನಿಂತರು.

"ಏನ್ರೀ ಇದು? ಮೇಜು ರಿಪೇರಿಯವರಾ?"

"ಅಭ್ಯರ್ಥಿ ಮೇಡಂ," ಎಂದರು ಮೇಷ್ಟ್ರು.

"ಅಭ್ಯರ್ಥಿಗೆ ಕಾಲಿಲ್ವಾ?"

"ಇದೆ ಮೇಡಂ. ಉಳಿಸಿ ಇಟ್ಟಿದೀವಿ."

ಹೆಸರು ಕೂಗಿದ ಕ್ಷಣವೇ ಹಗ್ಗ ಬಿಚ್ಚಿ, ಅವಳನ್ನು ಬಾವುಟದ ಕಂಬದಂತೆ ಎತ್ತಿ ನಿಲ್ಲಿಸಿದರು. ಗಿಡ್ಡಿ ಉಸಿರು ಬಿಗಿಹಿಡಿದು, ಕೊರಳು ನೀಳ ಮಾಡಿ, ಕಣ್ಣುಮುಚ್ಚಿ ಯಂತ್ರದ ಕೆಳಗೆ ನಿಂತಳು. ಮೇಲಿನಿಂದ ಪಟ್ಟಿ ಇಳಿದು ನೆತ್ತಿಗೆ ತಾಗಿತು. ಯಂತ್ರ ಕಿರ್ ಎಂದಿತು.

"ನೂರ ಐವತ್ತೆಂಟು ಪಾಯಿಂಟ್ ಒಂಬತ್ತು," ಎಂದರು ಮೇಡಂ. "ಪಾಸು. ಮುಂದಿನವರು."

ಗಿಡ್ಡಿ ಕಣ್ಣು ಬಿಟ್ಟಳು. ಅಮ್ಮ ಅಳಲು ಶುರುಮಾಡಿದಳು. ಮೇಷ್ಟ್ರು ಸೀಟಿ ಊದಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಟೈಲರಣ್ಣನ ಮುಖ ಕೆಂಪಾಗಿತ್ತು. ಅವನು ಹಗ್ಗದ ಕೆಳಗೆ ನುಸುಳಿ ಮೇಜಿನ ಮುಂದೆ ಹೋಗಿ ನಿಂತ.

"ಸಾಧ್ಯವೇ ಇಲ್ಲ ಮೇಡಂ! ನಿಮ್ಮ ಮಿಷಿನ್ ಕೆಟ್ಟಿದೆ."

"ಅಣ್ಣಾ!" ಎಂದು ಗಿಡ್ಡಿ ಚೀರಿದಳು.

"ನೀನು ಸುಮ್ಮನಿರು. ಇದು ನಿನ್ನ ಕೆಲಸದ ಪ್ರಶ್ನೆ ಅಲ್ಲ, ನನ್ನ ಮರ್ಯಾದೆ ಪ್ರಶ್ನೆ." ಅವನು ಮೇಡಂ ಕಡೆ ತಿರುಗಿದ. "ಮೂವತ್ತು ವರ್ಷ ಆಯ್ತು ಮೇಡಂ ಅಳೆಯೋಕೆ ಶುರುಮಾಡಿ. ನೂರ ಐವತ್ತೇಳಕ್ಕಿಂತ ಒಂದು ನೂಲು ಜಾಸ್ತಿ ಇದ್ರೆ ಕತ್ತರಿ ಕೆಳಗಿಡ್ತೀನಿ. ತಗೊಳ್ಳಿ ಟೇಪು!"

ಮೇಡಂ ಅವನನ್ನು ಒಮ್ಮೆ, ಟೇಪನ್ನು ಒಮ್ಮೆ ನೋಡಿದರು. ಮೇಜಿನ ಮೇಲಿದ್ದ ಉಕ್ಕಿನ ಅಳತೆಪಟ್ಟಿಯ ಪಕ್ಕಕ್ಕೆ ಟೇಪನ್ನು ಎಳೆದು ಹಿಡಿದರು. ಮೂವತ್ತು ವರ್ಷ ಬೀದಿಯವರ ಹೊಟ್ಟೆಗಳನ್ನು ಸುತ್ತಿ ಸುತ್ತಿ ಜಗ್ಗಿಹೋಗಿದ್ದ ಟೇಪು, ಒಂದು ಮೀಟರಿಗೆ ಒಂದು ಬೆರಳಗಲದಷ್ಟು ಆಚೆ ಚಾಚಿಕೊಂಡಿತ್ತು.

ಹಾಸಿಗೆ ಅಂಗಡಿಯವನು ತನ್ನ ಅಂಗಿಯ ತೋಳಿನೊಳಗೆ ಅಡಗಿಹೋಗಿದ್ದ ಬೆರಳುಗಳನ್ನು ನೋಡಿಕೊಂಡ. ಅಮ್ಮ ಭುಜದಿಂದ ಜಾರುತ್ತಿದ್ದ ರವಿಕೆಯನ್ನು ಮೇಲಕ್ಕೆಳೆದುಕೊಂಡಳು. ಮೇಷ್ಟ್ರು ಪ್ಯಾಂಟಿಗೆ ಕಟ್ಟಿದ್ದ ಹಗ್ಗವನ್ನು ಮುಟ್ಟಿ ನೋಡಿಕೊಂಡರು.

"ಥೂ ನಿನ್ನ!" ಎಂದು ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾಲ್ಕು ತಿಂಗಳು ಹುಡುಗೀನ ಬಾವಲಿ ಮಾಡಿದ್ಯಲ್ಲೋ! ಸಾಮಾನನ್ನ ಒಂದು ಸಲನಾದ್ರೂ ಪರೀಕ್ಷೆ ಮಾಡಬೇಡವಾ?"

ಟೈಲರಣ್ಣ ಟೇಪನ್ನು ಮಡಚಿ ಜೇಬಿಗೆ ಹಾಕಿಕೊಂಡು ಗುಂಪಿನ ಹಿಂದೆ ಹೋಗಿ ನಿಂತ.

ಗಿಡ್ಡಿಯ ಮೈ ಹತ್ತಿಯಂತೆ ಹಗುರಾಗಿತ್ತು. ಉಳಿದದ್ದು ಓಟ, ಅದು ನೀರು ಕುಡಿದಷ್ಟು ಸುಲಭ. ಒಂದು ಗಂಟೆ ಅತ್ತಿತ್ತ ಓಡಾಡಿ ಕಾಲು ಸಡಿಲಿಸಿಕೊಂಡಳು. ಅವಳ ಸರದಿ ಬಂದು ಸೀಟಿ ಊದಿದ್ದೇ ಬಾಣದಂತೆ ಹೊರಟಳು. ಇಷ್ಟು ಚೆನ್ನಾಗಿ ಅವಳು ಎಂದೂ ಓಡಿರಲಿಲ್ಲ. ಗೆರೆ ದಾಟಿದಾಗ ಹಗ್ಗದಾಚೆಯಿಂದ ಮೇಷ್ಟ್ರು ಕುಣಿದರು.

"ಒಂದು ನಿಮಿಷ ನಲವತ್ತೊಂಬತ್ತು! ದಾಖಲೆ! ದಾಖಲೆ!"

"ಎರಡು ನಿಮಿಷ ಐದು," ಎಂದರು ಮೇಡಂ, ಬರೆದುಕೊಳ್ಳುತ್ತ. "ಫೇಲು. ಮುಂದಿನವರು."

ಈಗ ಹಗ್ಗದ ಕೆಳಗೆ ನುಸುಳುವ ಸರದಿ ಮೇಷ್ಟ್ರದು.

"ಸಾಧ್ಯವೇ ಇಲ್ಲ ಮೇಡಂ! ನಿಮ್ಮ ವಾಚು ಕೆಟ್ಟಿದೆ. ಇದು ನೋಡಿ, ನನ್ನ ಇಡೀ ಸರ್ವಿಸ್ಸಿನ ವಾಚು!"

ಮೇಡಂ ಕೈ ಚಾಚಿದರು. ಎರಡು ವಾಚುಗಳನ್ನೂ ಮೇಜಿನ ಮೇಲಿಟ್ಟು ಒಟ್ಟಿಗೆ ಒತ್ತಿದರು. ಎಲ್ಲರೂ ಬಗ್ಗಿ ನೋಡಿದರು. ಮೇಷ್ಟ್ರ ವಾಚಿನ ಮುಳ್ಳು ಮೊದಮೊದಲು ಚುರುಕಾಗಿಯೇ ನಡೆಯಿತು. ನಲವತ್ತೈದರ ಗೆರೆಯ ಹತ್ತಿರ ಬಂದಾಗ ಏರು ಹತ್ತುವ ಮುದುಕನಂತೆ ನಿಂತಿತು. ಏಳೆಂಟು ಸೆಕೆಂಡು ದಣಿವಾರಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಮುಂದೆ ಹೊರಟಿತು. ಎರಡನೆಯ ಸುತ್ತಿನಲ್ಲೂ ಅದೇ ಜಾಗದಲ್ಲಿ ಅದೇ ವಿಶ್ರಾಂತಿ.

ಗುಂಪಿನ ಹಿಂದಿನಿಂದ ಟೈಲರಣ್ಣನ ನಗು ಕೇಳಿಸಿತು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ, ಕೊನೆಗೆ ನೆಲದ ಮೇಲೆ.

ಗಿಡ್ಡಿ ನಗಲಿಲ್ಲ. ನಾಲ್ಕು ತಿಂಗಳು ನೇತಾಡಿದ ಬದಲು ಓಡಿದ್ದರೆ ಐದು ಸೆಕೆಂಡು ಯಾವ ಮಹಾ ಎಂದು ಲೆಕ್ಕ ಹಾಕುತ್ತ ನಿಂತಿದ್ದಳು. ಕೆಟ್ಟ ಸುದ್ದಿಯನ್ನು ದಿನಕ್ಕೆರಡು ಸಲ ಅಳೆದು ನೋಡಿದ್ದರು. ಒಳ್ಳೆಯ ಸುದ್ದಿಯನ್ನು ಮಾತ್ರ ಯಾರೂ ಎರಡನೆಯ ಸಲ ಮುಟ್ಟಿರಲಿಲ್ಲ.

ವಾಪಸು ಬರುವಾಗ ಗಾಡಿಯಲ್ಲಿ ಮೇಷ್ಟ್ರೂ ಟೈಲರಣ್ಣನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ದಣಿದಿದೀಯಾ, ಹಲಗೆ ಮೇಲೆ ಸ್ವಲ್ಪ ಮಲಗಮ್ಮ," ಎಂದಳು ಅಮ್ಮ. ಗಿಡ್ಡಿ ದಾರಿಯುದ್ದಕ್ಕೂ ಗಾಡಿಯ ಸರಳು ಹಿಡಿದು ನಿಂತೇ ಬಂದಳು.

ಮನೆಯ ಮೆಟ್ಟಿಲ ಮೇಲೆ ಚಿಕ್ಕಮ್ಮ ಕೂತಿದ್ದಳು. ಸುದ್ದಿ ಅವರಿಗಿಂತ ಮೊದಲೇ ಬಂದು ತಲುಪಿತ್ತು. ಅವಳು ಗಿಡ್ಡಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಕಣ್ಣಲ್ಲಿ ಮೊದಲ ಬಾರಿಗೆ ಗೌರವವಿತ್ತು.

"ನೂರ ಐವತ್ತೆಂಟು ಪಾಯಿಂಟ್ ಒಂಬತ್ತಂತೆ?"

"ಹೂಂ, ಚಿಕ್ಕಮ್ಮ."

"ಸರ್ಕಾರಿ ಮಿಷಿನ್ನಲ್ಲೇ ಅಳೆದಿದ್ದಾ?"

"ಹೂಂ."

ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿ ಅಂಗಡಿಯ ಬೀಗದ ಕೈ ತೆಗೆದು ಗಿಡ್ಡಿಯ ಅಂಗೈಯಲ್ಲಿಟ್ಟಳು.

"ಮೊದಲೇ ಹೇಳಬಾರದಿತ್ತಾ? ಮೇಲಿನ ಕಪಾಟು ಎಟುಕಲ್ಲ ಅನ್ನೋದೊಂದೇ ನನಗೆ ಚಿಂತೆ ಇದ್ದದ್ದು. ನಾಳೆ ಎಂಟಕ್ಕೆ ಬಂದುಬಿಡು."