ಕಟಿಂಗ್ ಶಾಪಿನವನ ಕಪ್ಪು ಗುಲಾಬಿ

ಪಕ್ಕದ ಮನೆಯ ರಿಟೈರ್ಡ್ ಹೆಡ್‌ಮಾಸ್ತರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅವರ ಅಪರಾಧ ಇಷ್ಟೇ: ಒಂದು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಕೈ ಚಾಚಿ ನನ್ನ ಹೆಂಡತಿಗೆ ಒಂದು ಗುಲಾಬಿ ಕೊಟ್ಟರು. ಅದೂ ಎಂಥ ಗುಲಾಬಿ! ಕಡುಗೆಂಪೋ ಕಪ್ಪೋ ಹೇಳಲಾಗದ, ಮಖಮಲ್ಲಿನಂಥ ಹೂವು.

"ನೋಡ್ರೀ, ಎಷ್ಟು ಕಪ್ಪಗಿದೆ!" ಎಂದು ಇವಳು ಅದನ್ನು ಮುಡಿದು ಮನೆ ತುಂಬ ಓಡಾಡಿದಳು.

ನನ್ನ ಪಿತ್ತ ನೆತ್ತಿಗೇರಿತು. ಸ್ವಾಮೀ, ನಾನು ಕಟಿಂಗ್ ಶಾಪ್ ಇಟ್ಟವನು. ಓದಿದ್ದು ನಾಲ್ಕನೇ ಕ್ಲಾಸಾದರೇನಂತೆ, ಈ ಬೀದಿಯ ಬಿಳಿ ತಲೆಗಳನ್ನೆಲ್ಲ ಕಪ್ಪು ಮಾಡುವ ಚಕ್ರವರ್ತಿ! ಆ ಹೆಡ್‌ಮಾಸ್ತರ ತಲೆ ಕಪ್ಪಗಿರುವುದೂ ನನ್ನ ಕೃಪೆಯಿಂದಲೇ. ನನ್ನ ಹೆಂಡತಿಗೆ ಕಪ್ಪು ಹೂ ಕೊಡಲು ಅವರ್ಯಾರು?

"ಅದಕ್ಕಿಂತ ಕಪ್ಪಗಿರೋದನ್ನ ನಾನು ಬೆಳೀತೀನಿ. ನಿನ್ನ ಅಕ್ಕನ ಮಗಳ ಮದುವೆಗೆ ನೀನು ಅದನ್ನೇ ಮುಡೀಬೇಕು!" ಎಂದು ಗುಡುಗಿದೆ.

"ನೀವು ನೆಟ್ಟ ಗಿಡ ಯಾವುದು ಬದುಕಿದೆ ರೀ?"

"ಬದುಕದೆ ಏನು ಮಾಡುತ್ತೆ? ನಾನಿದೀನಲ್ಲ!"

"ಅದಕ್ಕೇ ಕೇಳಿದ್ದು."

ನರ್ಸರಿಯಾಕೆ ಗಿಡ ಕೊಡುತ್ತಾ, "ಮಧ್ಯಾಹ್ನದ ಬಿಸಿಲು ತಾಗಿಸಬೇಡಿ. ಚಳಿ ಬಿದ್ದ ಮೇಲೆ ಬಣ್ಣ ಗಾಢವಾಗುತ್ತೆ, ಅಲ್ಲೀತನಕ ತಾಳ್ಮೆ ಇರಲಿ" ಎಂದಳು. ತಾಳ್ಮೆ! ನಮ್ಮ ವಂಶದಲ್ಲೇ ಯಾರೂ ಆ ಸಾಮಾನು ಇಟ್ಟುಕೊಂಡವರಲ್ಲ.

ಮೊಗ್ಗು ಬಂತು. ಇದ್ದಿಲಿನಂಥ ಕಪ್ಪು! ಗಿರಾಕಿಗಳನ್ನು ಅರ್ಧ ಗಡ್ಡದಲ್ಲೇ ಕೂರಿಸಿ ಅದರ ವರ್ಣನೆ ಮಾಡಿದೆ. ಮದುವೆಯ ದಿನ ಬೆಳಿಗ್ಗೆ ನೋಡುತ್ತೇನೆ, ಹೂ ಅರಳಿದೆ. ಕೆಂಪು! ಅಂಚೆಪೆಟ್ಟಿಗೆಯಂಥ ಕೆಂಪು!

"ಮೋಸ!" ಎಂದು ಗಿಡಕ್ಕೇ ಬೈದೆ. ಅದಕ್ಕೆ ನಾಚಿಕೆಯಾಗಲಿಲ್ಲ. ಆಗ ನನ್ನೊಳಗಿನ ಕಲಾವಿದ ಎದ್ದು ನಿಂತ. ಬಿಳಿ ತಲೆಯನ್ನೇ ಕಪ್ಪು ಮಾಡುವ ಕೈಗೆ ಕೆಂಪು ಹೂ ಯಾವ ಲೆಕ್ಕ? ಅಂಗಡಿಗೆ ಓಡಿ ಡೈ ಪುಡಿ, ಬಟ್ಟಲು, ಬ್ರಷ್ಷು ತಂದೆ. ಮದುಮಗನ ಮೀಸೆಗೆ ಹಚ್ಚುವ ಶ್ರದ್ಧೆಯಿಂದ ಒಂದೊಂದೇ ಎಸಳಿಗೆ ಹಚ್ಚಿ ಒಣಗಿಸಿದೆ.

"ನನಗೋಸ್ಕರ ಬೆಳೆದ್ರಾ?" ಇವಳ ಕಣ್ಣು ತುಂಬಿತು. ಆಮೇಲೆ ಮೂಸಿ ನೋಡಿ, "ಏನ್ರೀ ಒಂಥರಾ ವಾಸನೆ?" ಎಂದಳು.

"ಅಪರೂಪದ ಜಾತಿ ಕಣೇ. ವಾಸನೆಯೂ ಅಪರೂಪ!"

ಇವಳ ಕೂದಲು ಪೂರಾ ಬೆಳ್ಳಿ. ನನ್ನನ್ನು ಕಟ್ಟಿಕೊಂಡೂ ಒಂದು ಸಲವೂ ಬಣ್ಣ ಹಚ್ಚಿಸಿಕೊಂಡವಳಲ್ಲ. "ಇದು ನನ್ನ ಸ್ವಂತ ಬಣ್ಣ" ಎಂಬುದೊಂದೇ ಅವಳ ಜಂಬ. ಆ ಬೆಳ್ಳಿಯಲ್ಲಿ ಆ ಕಪ್ಪು ಕೂತದ್ದು ನೋಡಿ ನಾನು ಮೀಸೆ ತಿರುವಿಕೊಂಡೆ.

ಮದುವೆಗೆ ನಮ್ಮ ಬೀದಿಗೆ ಬೀದಿಯೇ ಬಂದಿತ್ತು. ಕಲ್ಯಾಣ ಮಂಟಪದ ಹಾಲಿನಲ್ಲಿ ವಿಪರೀತ ಸೆಕೆ. ಹೂ ಬಾಡದಿರಲೆಂದು ಇವಳು ಅದಕ್ಕೆ ನೀರು ಚಿಮುಕಿಸಿಕೊಂಡಳು! ಗ್ರೂಪ್ ಫೋಟೋಗೆ ನಿಲ್ಲುವ ಹೊತ್ತಿಗೆ ಕಪ್ಪು ನೀರು ಬೆಳ್ಳಿ ಕೂದಲಿಗಿಳಿದು, ಕತ್ತಿಗಿಳಿದು, ಕೆನೆಬಣ್ಣದ ಹೊಸ ಸೀರೆಯ ಮೇಲೆ ನದಿಗಳ ನಕ್ಷೆ ಬರೆಯುತ್ತಿತ್ತು.

"ಏನೇ ಇದು! ಕೊನೆಗೂ ತಲೆಗೆ ಬಣ್ಣ ಹಾಕಿಸ್ಕೊಂಡ್ಯಾ?" ಅವಳಕ್ಕ ಹಾಲಿಗೆಲ್ಲ ಕೇಳುವಂತೆ ಕೂಗಿದಳು.

"ಹೆಂಡ್ತಿ ತಲೇಗೇ ಹೀಗೆ ಹಾಕೋನು ನಮಗೆ ಇನ್ನೇನು ಹಾಕಿರ್ತಾನೋ!" ಎಂದು ಹೆಡ್‌ಮಾಸ್ತರು ತಮ್ಮ ತಲೆ ಮುಟ್ಟಿ ನೋಡಿಕೊಂಡರು. ಅವರ ಹಿಂದೆ ನನ್ನ ಗಿರಾಕಿಗಳೆಲ್ಲ ತಂತಮ್ಮ ತಲೆ ಮುಟ್ಟಿಕೊಂಡರು!

ಅಂಗಡಿ ಮುಳುಗುವುದು ಕಣ್ಣಿಗೇ ಕಂಡಿತು. "ಹಚ್ಚಿದ್ದು ತಲೆಗಲ್ಲ, ಹೂವಿಗೆ" ಎಂದರೆ ಸಾಕಿತ್ತು. ಆದರೆ ಹೆಡ್‌ಮಾಸ್ತರ ಎದುರು ಹೇಗೆ ಹೇಳಲಿ? ಮೀಸೆ ಸವರುತ್ತಾ ಫೋಟೋದವನ ಕಡೆ ತಿರುಗಿದೆ.

ಇವಳು ಕತ್ತು ಒರೆಸಿಕೊಂಡಳು. ಬೆರಳಿನ ಕಪ್ಪು ಮೂಸಿದಳು. ನನ್ನ ಮುಖ ನೋಡಿದಳು. ಹೂ ಕಿತ್ತು ಮುಷ್ಟಿಯಲ್ಲಿ ಅಡಗಿಸಿಕೊಂಡಳು.

"ಅವರನ್ನ ಯಾಕೆ ಅಂತೀರಿ? ನಾನೇ ಮನೇಲಿ ಕದ್ದು ಹಚ್ಕೊಂಡೆ. ಅವರ ಕೈಯಲ್ಲಿ ಹಾಕಿಸಿಕೊಂಡಿದ್ರೆ ಹೀಗಾಗ್ತಿತ್ತಾ?"

ಹಾಲಿಗೆ ಹಾಲೇ ನಕ್ಕಿತು. "ಸ್ವಂತ ಬಣ್ಣ ಅಂತಿದ್ದೆ!" ಎಂದು ಅವಳಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಇವಳೂ ನಕ್ಕಳು. ನನಗೊಬ್ಬನಿಗೇ ನಗು ಬರಲಿಲ್ಲ.

ಚಳಿ ಬಿತ್ತು. ಗಿಡ ತಾನಾಗಿ ಒಂದು ಹೂ ಬಿಟ್ಟಿತು, ಹೆಡ್‌ಮಾಸ್ತರ ಹೂವಿಗಿಂತ ಒಂದು ಕೈ ಮೇಲೆ! ಕಿತ್ತು ಓಡಿ ಬಂದು ಕೊಟ್ಟೆ. ಇವಳು ಅದನ್ನು ಸೀದಾ ನಲ್ಲಿಯ ಕೆಳಗೆ ಹಿಡಿದಳು.

"ಇದು ನಿಜವಾದದ್ದು ಕಣೇ!"

"ಇರಬಹುದು. ನಾಲ್ಕು ದಿನ ನೀರಲ್ಲಿದ್ದು ನೋಡ್ಲಿ" ಎಂದು ಲೋಟದಲ್ಲಿಟ್ಟಳು.

ಅಂಗಡಿ ಈಗಲೂ ಚೆನ್ನಾಗಿ ನಡೆಯುತ್ತಿದೆ. ಕುರ್ಚಿಯಲ್ಲಿ ಕೂತಾಗಲೆಲ್ಲ ಹೆಡ್‌ಮಾಸ್ತರು, "ನಿನ್ನ ಹೆಂಡತಿಗೆ ಹೇಳಪ್ಪಾ, ಹಚ್ಕೊಳ್ಳೋದಾದ್ರೆ ನಿನ್ನ ಹತ್ರಾನೇ ಹಚ್ಚಿಸ್ಕೊಳ್ಳಲಿ" ಅನ್ನುತ್ತಾರೆ. ನಿಜ ಹೇಳಿ ಇವಳ ಜಂಬವನ್ನು ಇವಳಿಗೆ ವಾಪಸ್ ಕೊಡಬೇಕೆಂದು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ಹೊರಗೆ ಬರುವ ಮಾತು ಮಾತ್ರ ಒಂದೇ:

"ತಲೆ ಸ್ವಲ್ಪ ತಗ್ಗಿಸಿ, ಸಾರ್."