ಉಡಿಯೊಳಗಿನ ಗುಳಿಗಿ

ರೋಗಿಗಳಿಗೆ ಆಸರಾಗಾಕ ಹೋದವರಿಗೆ ನಗೆಪಾಟಲು ತಪ್ಪಿದ್ದಲ್ಲ. ಪುಣ್ಯದ ಕೆಲಸ ಅಂತ ಹೊರಟರೆ ದಾರಿಯಲ್ಲಿ ಏನಾದರೊಂದು ಆಗೇ ಆಗುತ್ತಿತ್ತು. ರೇಡಿಯೋಕ್ಕೂ ಲೈಸೆನ್ಸು ಬೇಕಿದ್ದ ಕಾಲ ಅದು. ಬಳ್ಳಾರಿಯಲ್ಲಿ ಒಂದಿಷ್ಟು ಮಂದಿ ಸೇರಿ ಕ್ಷಯದ ರೋಗಿಗಳಿಗೆ ನೆರವಾಗೋ ಸಂಘ ಮಾಡಿಕೊಂಡಿದ್ದರು. ದವಾಖಾನಿಯಿಂದ ಗುಳಿಗಿ ತಂದು ಊರೂರಿಗೆ ಮುಟ್ಟಿಸೋದು, ನುಂಗಿದರೋ ಇಲ್ಲೋ ನೋಡೋದು, ಇಷ್ಟೇ ಕೆಲಸ. ಕೆಮ್ಮು ನಿಂತ ಕೂಡಲೇ ಜನ ಗುಳಿಗಿ ಬಿಟ್ಟುಬಿಡುತ್ತಿದ್ದರು. ನಡುವೆ ಬಿಟ್ಟರೆ ರೋಗ ತಿರುಗಿ ಬಂದು ಎದೆ ಮೇಲೆ ಕೂಡುತ್ತಿತ್ತು.

೧. ನನ್ನನ್ನ ಸೇರಿಸಿಕೊಂಡದ್ದು

ಸಂಘ ನಡೆಸುತ್ತಿದ್ದ ದವಾಖಾನಿಯ ಡಾಕ್ಟರಮ್ಮ ನನ್ನನ್ನ ಕರೆಸಿ ಹೇಳಿದರು. "ಅಕ್ಕಾ, ನಮ್ಮದು ಒಂದೇ ನಿಯಮ. ಯಾರ ಹೆಸರೂ ಹೊರಗ ಹೋಗಬಾರದು. ನಿಮ್ಮ ರೋಗಿ ಯಾರಂತ ಸಂಘದ ಇನ್ನೊಬ್ಬರಿಗೂ ತಿಳೀಬಾರದು."

"ಹಂಗಾದ್ರ ನನ್ನನ್ಯಾಕ ಕರದ್ರಿ? ನನ್ನ ಬಾಯಿ ಎಂಥಾದಂತ ಓಣಿಗೆಲ್ಲ ಗೊತ್ತೈತಿ."

"ಅದಕ್ಕ ಕರದೀನಿ. ನಿಮ್ಮ ಹೊಟ್ಟ್ಯಾಗ ಗುಟ್ಟು ಐತಿ ಅಂದ್ರ ಯಾರೂ ನಂಬಂಗಿಲ್ಲ!"

೨. ಮೇಷ್ಟ್ರ ಗಂಟಲು

ಸಂಘದಲ್ಲಿ ನಿವೃತ್ತ ಹೆಡ್‌ಮೇಷ್ಟ್ರೊಬ್ಬರಿದ್ದರು. ಹಿಂದಿನ ಬೆಂಚಿಗೆ ಕೇಳಿಸಲಿ ಅಂತ ಕೂಗಿ ಕೂಗಿ ಗಂಟಲು ಹಂಗೇ ನಿಂತುಬಿಟ್ಟಿತ್ತು. ಮೊದಲ ದಿನ ಕುರುಗೋಡಿಗೆ ಹೋಗಿ ಓಣಿ ನಡುವೆ ನಿಂತು, "ಇಲ್ಲಿ ಕ್ಷಯದ ರೋಗಿ ಮನಿ ಯಾವುದ್ರೀ?" ಅಂದರು. ಓಣಿಗೆ ಓಣಿಯೇ ಹೊರಗೆ ಬಂತು. ಆ ಕಡೆಯವರು ಈ ಕಡೆ ಬೆರಳು ತೋರಿಸಿದರು, ಈ ಕಡೆಯವರು ಆ ಕಡೆ.

ಡಾಕ್ಟರಮ್ಮ ಬೈದ ಬೈಗಳಕ್ಕೆ ಮೇಷ್ಟ್ರ ಬಾಯಿಗೆ ಬೀಗ ಬಿತ್ತು. ಅವರನ್ನ ಸಿರುಗುಪ್ಪಕ್ಕೆ ಹಾಕಿ ಕುರುಗೋಡು ನನಗೆ ಕೊಟ್ಟರು. ಅಂದಿನಿಂದ ಮೇಷ್ಟ್ರು ಎಲ್ಲಿಗೆ ಹೋದರೂ ಬಗಲಲ್ಲಿ ಒಂದು ಪಂಚಾಂಗ. ಪಾಠ ಬಿಟ್ಟು ಜ್ಯೋತಿಷ್ಯ ಹಿಡಿದರೇನೋ ಅಂತ ನಾವು ನಕ್ಕೆವು.

೩. ಸೋದರತ್ತಿ

ಕುರುಗೋಡಿನ ನನ್ನ ರೋಗಿ ಇಪ್ಪತ್ತರ ಹುಡುಗಿ. ಸಿರುಗುಪ್ಪದ ವರನ ಜೊತೆ ಲಗ್ನ ನಿಶ್ಚಯವಾಗಿತ್ತು. ಇನ್ನ ಯಾರಿಗೂ ಅಂಟಂಗಿಲ್ಲ, ಲಗ್ನಕ್ಕೂ ಅಡ್ಡಿಯಿಲ್ಲ, ಗುಳಿಗಿ ಮಾತ್ರ ಮುಗಿಸಬೇಕು ಅಂತ ಡಾಕ್ಟರಮ್ಮ ಹೇಳಿದ್ದರು. ಹುಡುಗಿ ನನ್ನ ಕೈ ಹಿಡಿದು ಅತ್ತಳು. "ಅತ್ತೀ, ಬೀಗರಿಗೆ ತಿಳಿದ್ರ ಲಗ್ನ ಮುರೀತೈತಿ. ಲಗ್ನ ಮುರಿದಮ್ಯಾಲೆ ಗುಳಿಗಿ ನುಂಗಿ ನಾ ಯಾಕ ಬದುಕಲಿ?"

ನಿಶ್ಚಯವಾದ ಹುಡುಗಿಗೆ ಬಂಧುಬಳಗದವರು ಮಡಿಲಿಗೆ ಉಡಿ ತುಂಬೋದು ನಮ್ಮಲ್ಲಿ ಪದ್ಧತಿ. ನಾನು ಓಣಿಯವರ ಕಣ್ಣಿಗೆ ಆಕೆಯ ಸೋದರತ್ತಿಯಾದೆ. ರವಿಕೆ ಖಣದಲ್ಲಿ ಅಕ್ಕಿ, ಕೊಬ್ಬರಿ ಕಟ್ಟಿ, ಅಕ್ಕಿಯೊಳಗೆ ಗುಳಿಗಿ ಪೊಟ್ಟಣ ಹುಗಿದು, ಹದಿನೈದು ದಿನಕ್ಕೊಮ್ಮೆ ಹೋಗಿ ಉಡಿ ತುಂಬಿದ್ದೇ ತುಂಬಿದ್ದು. ಮಗ್ಗುಲು ಮನೆಯಾಕೆ ನೋಡುವಷ್ಟು ನೋಡಿ, ತನ್ನ ಮಗಳನ್ನೂ ಎಳೆದುಕೊಂಡು ಬಂದಳು. "ಯವ್ವಾ, ಇದಕ್ಕೂ ಒಂದೀಟು ತುಂಬ್ರಿ. ಇದರ ಸೋದರತ್ತಿ ಒಂದು ಅಡಕಿ ಸೈತ ಕೊಟ್ಟಿಲ್ಲ!"

೪. ನಿಯಮದಲ್ಲಿ ಇಲ್ಲದ್ದು

ಗುಟ್ಟು ಇಟ್ಟುಕೊಂಡು ನನ್ನ ಹೊಟ್ಟೆ ಉಬ್ಬರಿಸಿತ್ತು. ಅಷ್ಟರಲ್ಲಿ ಯಾರದೋ ಮನೆ ಸೀಮಂತಕ್ಕೆ ಸಿರುಗುಪ್ಪಕ್ಕೆ ಹೋದೆ. ನೋಡುತ್ತೀನಿ, ಅಕ್ಕಿ ಮಿಲ್ಲಿನವನ ಮನೆಯಿಂದ ನಮ್ಮ ಮೇಷ್ಟ್ರು ಆ ಕಡೆ ಈ ಕಡೆ ನೋಡುತ್ತ ಹೊರಗೆ ಬಂದರು. ಗಂಡ ಮಿಲ್ಲಿಗೆ ಹೋದ ಹೊತ್ತು. ಬಾಗಿಲಲ್ಲಿ ದೊಡ್ಡ ಮೂಗುತಿಯ ಹೆಂಡತಿ, ಮೇಷ್ಟ್ರ ಬಗಲಲ್ಲಿ ಪಂಚಾಂಗ! ವಾರ ವಾರ ಬರುತ್ತಾರಂತೆ, ಎದುರು ಮನೆಯಾಕೆಯೇ ಹೇಳಿದಳು.

ರೋಗಿ ಹೆಸರು ಹೇಳಬಾರದು ಅಂತ ನಿಯಮ. ಮೇಷ್ಟ್ರೇನು ರೋಗಿಯೇ? ಬಸ್ಸಿನಲ್ಲಿ ನಾಕೇ ಮಂದಿಗೆ ಹೇಳಿದೆ. ಎರಡು ದಿನ ಬಿಟ್ಟು ಬಳ್ಳಾರಿಯ ನಮ್ಮ ನಳದ ಕಟ್ಟೆಯಲ್ಲಿ ಒಬ್ಬಾಕೆ ಅದೇ ಸುದ್ದಿ ನನಗೇ ಹೇಳಿದಳು. ಅದರಲ್ಲಿ ಮೇಷ್ಟ್ರು ಹಿತ್ತಲ ಗ್ವಾಡಿ ಹಾರಿದ್ದೂ ಇತ್ತು. ಆ ವಯಸ್ಸಿನಲ್ಲಿ!

೫. ಯಾರಿಗೆ ಮೊದಲು

ಮತ್ತೆ ಉಡಿ ಹಿಡಿದು ಕುರುಗೋಡಿಗೆ ಹೋದರೆ, ಪಡಸಾಲೆಯಲ್ಲಿ ಹೇಳದೆ ಕೇಳದೆ ಬಂದ ವರನ ತಾಯಿ ಕೂತಿದ್ದಳು. ಅಕ್ಕಿ ಮಿಲ್ಲಿನವನ ಮನೆಯ ಅದೇ ದೊಡ್ಡ ಮೂಗುತಿ!

ಹಿರೇ ಮುತ್ತೈದೆ ಕೂತಿರುವಾಗ ಅವರನ್ನ ಬಿಟ್ಟು ಹುಡುಗಿಗೆ ಉಡಿ ತುಂಬೋ ಹಂಗಿಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ ಗಂಟು. "ನಾಳೆ ಬರ್ತೀನ್ರಿ" ಅಂದೆ. "ಉಡಿ ತಂದು ತಿರುಗಿ ಒಯ್ಯೋದುಂಟೇನ್ರಿ?" ಅಂತ ಆಕೆ ಸೆರಗು ಹಾಸಿಯೇ ಬಿಟ್ಟಳು. ಮೇಲಿನ ಅಕ್ಕಿ ನಾಕು ಬೊಗಸೆ ಹಾಕಿ ಗಂಟು ಹಿಂದಕ್ಕೆ ಎಳೆದುಕೊಂಡೆ. "ಐದು ಬೊಗಸಿ ಬೇಕ್ರಿ, ಶಾಸ್ತ್ರ" ಅಂದಳು. ಐದನೆಯದರಲ್ಲಿ ಪೊಟ್ಟಣ ಬಿತ್ತು.

ಹುಡುಗಿ ಅದನ್ನ ಕಸಿದುಕೊಳ್ಳಲು ಕೈ ಚಾಚಿದಳು. ಬೀಗ್ತಿ ಪೊಟ್ಟಣ ಬಿಚ್ಚಿ, ಒಂದು ಗುಳಿಗಿ ಬೆಳಕಿಗೆ ಹಿಡಿದು ಕೇಳಿದಳು. "ದಿನಕ್ಕ ಎಷ್ಟು ನುಂಗ್ತಿಯವ್ವಾ?"

"...ಎರಡು, ಅತ್ತೀ."

"ನಂದು ಮೂರು."

ಆಕೆಯೇ ಮುಂದುವರಿಸಿದಳು. "ಬೀಗರಿಗೆ ತಿಳಿದ್ರ ಎಲ್ಲಿ ಹೆಣ್ಣು ಕೊಡಂಗಿಲ್ಲೋ ಅಂತ ನಾನೂ ಜೀವ ಕೈಯಾಗ ಹಿಡಕೊಂಡಿದ್ದೆ. ನನ್ನ ಗಂಡಗೂ ಹೇಳಿಲ್ಲ. ಬಾ, ಲಗ್ನ ಆದಮ್ಯಾಲೆ ಅತ್ತಿ ಸೊಸಿ ಕೂಡೇ ನುಂಗೋಣು. ನನಗ ಒಬ್ಬಾಕಿಗೆ ನೆನಪಿರಂಗಿಲ್ಲ."

ಹುಡುಗಿ ಓಡಿಬಂದು ಆಕೆಯ ಮಡಿಲಲ್ಲಿ ಮುಖ ಇಟ್ಟಳು, ಅಕ್ಕಿ ಮೇಲೆಯೇ.

ಬೀಗ್ತಿ ನನ್ನ ಕಡೆ ತಿರುಗಿದಳು. "ನಿಮ್ಮ ಉಪಾಯ ಚಲೋ ಐತ್ರಿ, ಕೊಬ್ಬರಿನಾದ್ರೂ ಸಿಗತೈತಿ. ನನಗ ಮೇಷ್ಟ್ರು ಪಂಚಾಂಗದಾಗ ಇಟ್ಟು ತರ್ತಾರ. ಆದ್ರ ಬಳ್ಳಾರಿಯಾಕಿ ಯಾರೋ ಹಾದರಗಿತ್ತಿ ನನಗೂ ಮೇಷ್ಟ್ರಿಗೂ ಗಂಟು ಹಾಕಿ ಊರೆಲ್ಲ ಹೇಳ್ಯಾಳ. ನನ್ನ ಗಂಡ ಪಂಚಾಂಗ ಕಂಡ್ರ ಉರಿದು ಬೀಳ್ತಾನ. ನೀವು ಸಂಘದಾಕಿ, ಆಕಿ ಯಾರಂತ ಗೊತ್ತೇನ್ರಿ?"

ನಾನು ಖಾಲಿ ಖಣ ಝಾಡಿಸಿ ಎದ್ದುನಿಂತೆ.

"ಬೀಗ್ತೀ, ನಮ್ಮ ಸಂಘದಾಗ ಯಾರ ಹೆಸರೂ ಹೊರಗ ಹಾಕಂಗಿಲ್ರಿ. ನಿಯಮ ಐತಿ!"