ಹೆಂಡತಿಯ ತವರೂ ಪೆಟ್ರೋಲ್ ಫಿಲ್ಟರೂ

ಒಂದು ಸ್ಪ್ಯಾನರು, ಒಂದು ಹಳೆಯ ಲುಂಗಿ, ಸ್ವಲ್ಪ ಆತ್ಮವಿಶ್ವಾಸ. ಕಾರಿನ ಪೆಟ್ರೋಲ್ ಫಿಲ್ಟರ್ ಬದಲಿಸಲು ಇಷ್ಟು ಸಾಕು ಎಂದು ಆ ಶನಿವಾರ ಬೆಳಿಗ್ಗೆ ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಇವುಗಳಲ್ಲಿ ಕೊನೆಯದು ನನ್ನ ಬಳಿ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು.

ವಿಷಯ ಇಷ್ಟೇ. ನನ್ನ ಹೆಂಡತಿ ಸುಮತಿಗೆ ಆಗ ಏಳು ತಿಂಗಳು. ಕಾಮೋಠೆಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಸೀಮಂತ ಮುಗಿದಿತ್ತು. ಚೊಚ್ಚಲ ಹೆರಿಗೆಗೆ ಅವಳು ಡೊಂಬಿವಲಿಯ ತವರಿಗೆ ಹೋಗಬೇಕು. ಉಡುಪಿ ಕಡೆಯವರಾದ ನಮ್ಮಲ್ಲಿ ಅದು ಚರ್ಚಿಸುವ ವಿಷಯವೇ ಅಲ್ಲ. ಭಾನುವಾರ ಬೆಳಿಗ್ಗೆ ಹೊರಡಿ, ಅದು ತಪ್ಪಿದರೆ ಸದ್ಯಕ್ಕೆ ಒಳ್ಳೆಯ ದಿನವಿಲ್ಲ ಎಂದು ಭಟ್ಟರು ಹೇಳಿದ್ದರು. ರೈಲೆಂದರೆ ವಾಶಿಯಲ್ಲೊಮ್ಮೆ ಇಳಿದು ಹತ್ತಬೇಕು, ಠಾಣೆಯಲ್ಲೊಮ್ಮೆ ಇಳಿದು ಹತ್ತಬೇಕು. ಆ ಗರ್ದಿಯಲ್ಲಿ ತುಂಬು ಹೊಟ್ಟೆಯವಳನ್ನು ನುಗ್ಗಿಸುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಸೀಮಂತದ ದಿನ ಎಲ್ಲರೆದುರು, "ನಮ್ಮ ಕಾರಿನಲ್ಲೇ, ಒಂಚೂರೂ ಕುಲುಕದ ಹಾಗೆ ತಂದು ಬಿಡ್ತೇನೆ" ಎಂದು ಮಾವನಿಗೆ ಮಾತು ಕೊಟ್ಟಿದ್ದೆ.

ಈ ಮಾತುಕತೆಯಲ್ಲಿ ಕಾರು ಭಾಗವಹಿಸಿರಲಿಲ್ಲ. ಅದು ಸೆಕೆಂಡ್ ಹ್ಯಾಂಡ್ ಕಾರು. ಕಳಂಬೋಲಿಯ ಸೇತುವೆ ಏರುವಾಗ ಬಿಕ್ಕಳಿಸತೊಡಗಿತ್ತು. ಒಂದೊಂದು ಬಿಕ್ಕಿಗೂ ಸುಮತಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು, ನಾನು ದೇವರನ್ನು ನೆನೆಯುತ್ತಿದ್ದೆ. ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿ, "ಫಿಲ್ಟರ್ ಚೋಕ್ ಹೈ ಸಾಬ್. ಸೋಮ್‌ವಾರ್ ಕೋ ಲಾವ್" ಎಂದ.

ಸೋಮವಾರ! ಅಷ್ಟರೊಳಗೆ ನನ್ನ ಮಾನ ಹರಾಜಾಗಿರುತ್ತದಲ್ಲ?

"ಟ್ಯಾಕ್ಸಿ ಮಾಡುವಾ ಮಾರಾಯ್ರೆ" ಎಂದಳು ಸುಮತಿ.

"ಮನೆಯಲ್ಲಿ ಕಾರಿಟ್ಟುಕೊಂಡು ಟ್ಯಾಕ್ಸಿಯಾ? ನಿನ್ನ ಅಪ್ಪ ಎಂತ ಹೇಳಿಯಾರು?"

"ಅಪ್ಪನಿಗೆ ನಾನು ಬಂದ್ರೆ ಸಾಕು. ಯಾವ ಗಾಡಿ ಅಂತ ನೋಡ್ಲಿಕ್ಕೆ ಅವರೇನು ಆರ್‌ಟಿಒ ಅಲ್ಲ."

ನಾನು ಕೇಳಲಿಲ್ಲ. ಪನ್ವೇಲಿಗೆ ಹೋಗಿ ಹೊಸ ಫಿಲ್ಟರ್ ತಂದೆ. ಅಂಗಡಿಯವನು "ಕೌನ್ ಲಗಾಯೇಗಾ?" ಎಂದು ಕೇಳಿದ. "ಮೈ ಖುದ್", ನಾನೇ ಹಾಕುತ್ತೇನೆ ಎಂದೆ. ಅವನು ನನ್ನ ಇಸ್ತ್ರಿ ಮಾಡಿದ ಶರಟನ್ನೂ, ಬೇಲಾಪುರದ ಆಫೀಸಿನಲ್ಲಿ ಫೈಲು ತಿರುವುವ ನನ್ನ ಬೆರಳುಗಳನ್ನೂ ನೋಡಿ ಏನೂ ಹೇಳದೆ ಚಿಲ್ಲರೆ ಕೊಟ್ಟ. ಆ ಮೌನದ ಅರ್ಥ ನನಗೆ ಮಧ್ಯಾಹ್ನ ಆಯಿತು.

ಕಟ್ಟಡದ ಅಂಗಳದಲ್ಲಿ ಕಾರಿನ ಹಿಂಭಾಗವನ್ನು ಜಾಕ್ ಕೊಟ್ಟು ಎತ್ತಿ, ಕೆಳಗೆ ಇಟ್ಟಿಗೆ ಇಟ್ಟು, ಟಿವಿ ಡಬ್ಬದ ರಟ್ಟಿನ ಮೇಲೆ ಅಂಗಾತ ಮಲಗಿ ಒಳಗೆ ಸರಿದೆ. ಫಿಲ್ಟರ್ ಕಂಡಿತು. ಸಣ್ಣ ಉಪ್ಪಿನಕಾಯಿ ಡಬ್ಬಿಯಷ್ಟು. ಎರಡೂ ಕಡೆ ಪೈಪು, ಪೈಪಿಗೊಂದು ನಟ್ಟು. ಹತ್ತಿರದ ಸಮುದ್ರದ ಖಾಡಿಯ ಉಪ್ಪುಗಾಳಿಗೆ ನಟ್ಟೂ ಪೈಪೂ ತುಕ್ಕು ಹಿಡಿದು ಒಂದಾಗಿದ್ದವು. ಯಾವುದು ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗದಷ್ಟು ಅನ್ಯೋನ್ಯ ದಾಂಪತ್ಯ.

ಸುಮತಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ದೂರದಲ್ಲಿ ಕೂತಳು. ಕೆಳಗಿನ ಮನೆಯ ಪಾಟೀಲ ಕಾಕಾ, ನಿವೃತ್ತರಾಗಿ ಮಾಡಲು ಕೆಲಸವಿಲ್ಲದೆ ಕಂಗಾಲಾಗಿದ್ದವರು, ಟಾರ್ಚ್ ಹಿಡಿದು ಓಡಿ ಬಂದರು. "ಗ್ಯಾರೇಜ್ ಕಶಾಲಾ? ಮೀ ಆಹೇ ನಾ!" ತಾವಿರುವಾಗ ಗ್ಯಾರೇಜ್ ಯಾಕೆ ಎಂದು ಕಾಕಾ ಭರವಸೆ ಕೊಟ್ಟರು. ಟಾರ್ಚ್ ಬೆಳಕು ಮಾತ್ರ ಉದ್ದಕ್ಕೂ ಅವರ ಚಪ್ಪಲಿಯ ಮೇಲೇ ಇತ್ತು.

ನಾನು ನಟ್ಟಿಗೆ ಸ್ಪ್ಯಾನರ್ ಸಿಕ್ಕಿಸಿ ಎಳೆದೆ. ಅಲುಗಲಿಲ್ಲ. ಕಾಲನ್ನು ಚಕ್ರಕ್ಕೆ ಒತ್ತಿ ಎಳೆದೆ. ಕಣ್ಣಿಗೆ ತುಕ್ಕು ಬಿತ್ತು. ಅಷ್ಟರಲ್ಲಿ ಡೊಂಬಿವಲಿಯಿಂದ ಅತ್ತೆಯ ಫೋನು. ವಿಷಯ ತಿಳಿದು, "ತೆಂಗಿನೆಣ್ಣೆ ಹಾಕ್ಲಿಕ್ಕೆ ಹೇಳು. ಮತ್ತೆ ಬಿಸಿನೀರು. ಹೋಟ್ಲಲ್ಲಿ ಇಡ್ಲಿ ಪಾತ್ರೆ ಮುಚ್ಚಳ ಸಿಕ್ಕಿದ್ರೆ ನಾವು ಹಾಗೇ ತೆಗೆಯೋದು" ಎಂದು ಮಗಳ ಮೂಲಕ ಆಜ್ಞೆ ಬಂತು. ಮಾವನ ಹೋಟೆಲಿನ ಅನುಭವವನ್ನು ತಳ್ಳಿಹಾಕುವಂತಿಲ್ಲ. ಎಣ್ಣೆ ಹಾಕಿದೆ. ಬಿಸಿನೀರು ಹೊಯ್ದೆ. ಎಣ್ಣೆಯೂ ನೀರೂ ನಟ್ಟನ್ನು ಲೆಕ್ಕಿಸದೆ ನೇರವಾಗಿ ನನ್ನ ಬಗಲಿಗೆ ಇಳಿದವು. ಅಭ್ಯಂಜನ ಸಾಂಗವಾಯಿತು!

ಆಮೇಲೆ ಸ್ಪ್ಯಾನರಿಗೆ ಒಂದು ಪೈಪು ತೂರಿಸಿ ಉದ್ದ ಮಾಡಿ ಜಗ್ಗಿದೆ. ನಟ್ಟು ಅಲುಗಿತು! "ಬಂತು! ಬಂತು!" ಎಂದು ಕಿರುಚಿದೆ. ಕಾಕಾ ಚಪ್ಪಾಳೆ ತಟ್ಟಿದರು. ಸುಮತಿ ಕುರ್ಚಿಯಿಂದಲೇ ತಲೆ ಓರೆ ಮಾಡಿ ಬಗ್ಗಿ ನೋಡಿದಳು.

"ಒಂದು ಕೇಳ್ಲಾ? ಬೈಬಾರ್ದು."

"ಕೇಳು."

"ನೀವದನ್ನು ಬಿಗಿ ಮಾಡ್ತಾ ಇದ್ದೀರಲ್ಲಾ, ಯಾಕೆ?"

ಅಂಗಾತ ಮಲಗಿದರೆ ಎಡಬಲ ಅದಲುಬದಲಾಗುತ್ತದೆ ಎಂಬ ಸತ್ಯ ನನಗೆ ಹೊಳೆದಿರಲಿಲ್ಲ. ಬೆಳಗಿನಿಂದ, ಮೊದಲೇ ಸಿಕ್ಕಿಕೊಂಡಿದ್ದ ನಟ್ಟನ್ನು ನಾನು ಇನ್ನಷ್ಟು ಭದ್ರಪಡಿಸುತ್ತಿದ್ದೆ. "ಅದು... ಮೊದಲು ಹಾಗೆ ಮಾಡಿದ್ರೆ ತುಕ್ಕು ಬಿಡ್ತದೆ" ಎಂದೆ. ಅವಳು "ಹೌದಾ" ಎಂದಳು. ಆ "ಹೌದಾ"ದಲ್ಲಿ ಬಹಳ ಕರುಣೆಯಿತ್ತು.

ಅವಮಾನವಾದ ಗಂಡಸಿನ ಕೈಗೆ ಸ್ಪ್ಯಾನರ್ ಕೊಡಬಾರದು. ಈ ಬಾರಿ ಸರಿಯಾದ ದಿಕ್ಕಿಗೆ, ಸಕಲ ಶಕ್ತಿಯನ್ನೂ ಸೇರಿಸಿ ಎಳೆದೆ. ನಟ್ಟಿನ ಮೂಲೆಗಳೆಲ್ಲ ಸವೆದು ಅದು ಗೋಲಿಯಂತೆ ನುಣ್ಣಗಾಯಿತು. ಸ್ಪ್ಯಾನರ್ ಜಾರಿತು. ಇಕ್ಕಳ ಹಾಕಿ ಹಿಡಿದು ತಿರುಗಿಸಿದೆ. ನಟ್ಟು ತಿರುಗಿತು! ಜೊತೆಗೆ ಪೈಪೂ ತಿರುಗಿತು! ಒದ್ದೆ ಬಟ್ಟೆ ಹಿಂಡಿದ ಹಾಗೆ ಮುರುಟಿ, 'ಟಿಕ್' ಎಂದು ಅದು ಸೀಳಿತು. ತಣ್ಣನೆಯ ಪೆಟ್ರೋಲು ನನ್ನ ಅಂಗಿಯ ತೋಳಿನೊಳಗೆ ಹರಿಯತೊಡಗಿತು.

ಅಂಚು ಕೊಯ್ದರೂ ಬಿಡದೆ ನಾನು ಸೀಳಿಗೆ ಹೆಬ್ಬೆರಳು ಒತ್ತಿ ಹಿಡಿದೆ. ಆ ಕ್ಷಣದಿಂದ ಆ ಕಾರಿನಲ್ಲಿ ಕೆಲಸ ಮಾಡುತ್ತಿದ್ದ ಏಕೈಕ ಭಾಗ ನನ್ನ ಹೆಬ್ಬೆರಳು.

"ಪಾತ್ರೆ! ಬೇಗ!"

ಕಾಕಾ ಓಡಿ ಹೋಗಿ ನಮ್ಮ ಮನೆಯಿಂದ ಕೈಗೆ ಸಿಕ್ಕಿದ್ದನ್ನು ತಂದರು. ಅದು ಅತ್ತೆ ಸೀಮಂತಕ್ಕೆ ಲಡ್ಡು ತುಂಬಿ ಕೊಟ್ಟಿದ್ದ ಹೊಸ ಸ್ಟೀಲ್ ಪಾತ್ರೆ. ಲಡ್ಡುಗಳನ್ನು ಎಲ್ಲಿ ಸುರಿದರೋ ಇಂದಿಗೂ ತಿಳಿದಿಲ್ಲ. ಇತ್ತ ಸುಮತಿ ಎದ್ದು ನಿಂತು, "ಬೀಡಿಗೀಡಿ ಯಾರೂ ಈ ಕಡೆ ತರ್ಬೇಡಿ!" ಎಂದು ವಾಚ್‌ಮನ್ನನನ್ನು ಅಟ್ಟಿದಳು.

"ನೀನು ದೂರ ಹೋಗು! ವಾಸನೆಗೆ ತಲೆ ತಿರುಗ್ತದೆ!" ಎಂದು ನಾನು ಕೆಳಗಿನಿಂದ ಕೂಗಿದೆ.

"ಇಲ್ಲ ಮಾರಾಯ್ರೆ, ವಾಸನೆ ಎಷ್ಟು ಚಂದ ಉಂಟು!"

ಏಳು ತಿಂಗಳಿಂದ ಒಗ್ಗರಣೆಯ ವಾಸನೆಗೇ ವಾಂತಿ ಮಾಡುತ್ತಿದ್ದವಳು! ನಮ್ಮ ಮಗು ಪೆಟ್ರೋಲ್ ಬಂಕಿಟ್ಟು ಉದ್ಧಾರವಾಗುತ್ತದೆ ಎಂದು ಆ ಕಷ್ಟದಲ್ಲೂ ನನಗೆ ಸಮಾಧಾನವಾಯಿತು. ಆದರೂ ಗದರಿಸಿ ಅವಳನ್ನು ಮೇಲೆ ಕಳಿಸಿದೆ.

ಪೆಟ್ರೋಲೆಲ್ಲ ಇಳಿದ ಮೇಲೆ ನಾನು ಹೊರಗೆ ಬಂದೆ. ನಮ್ಮ ಹೌಸಿಂಗ್ ಸೊಸೈಟಿಯ ಅರ್ಧ ಜನ ಸೇರಿದ್ದರು. ಕಾಕಾರ ಹೆಂಡತಿ ಪಾಟೀಲ ಕಾಕು ಬಾಲ್ಕನಿಯಿಂದಲೇ ತೀರ್ಪು ಕೊಟ್ಟರು: "ಬಾಯ್ಕೋಲಾ ಮಾಹೇರಿ ಪಾಠವಾಯ್ಚಂ ನಾಹೀ, ಮ್ಹಣೂನ್ ಗಾಡೀಚ್ ಮೋಡ್ಲೀ!" ಹೆಂಡತಿಯನ್ನು ತವರಿಗೆ ಕಳಿಸಲು ಮನಸ್ಸಿಲ್ಲದೆ ಗಾಡಿಯನ್ನೇ ಮುರಿದನಂತೆ! ಹೆಂಗಸರೆಲ್ಲ "ಅಯ್ಯೋ ಪಾಪ" ಎನ್ನುವಂತೆ ನನ್ನನ್ನು ನೋಡಿದರು.

"ಹಾಗಲ್ಲ ಕಾಕು, ನನಗೆ ನಿಜವಾಗಿಯೂ ಬರುವುದಿಲ್ಲ!" ಎಂದು ಮರಾಠಿಯಲ್ಲಿ ಅಂಗಲಾಚಿದೆ. ಬೆಳಿಗ್ಗೆ ಇದೇ ಬಾಯಿಂದ ಇದೇ ಜನಕ್ಕೆ, ಇದು ಮಕ್ಕಳಾಟ ಎಂದಿದ್ದೆ. ಯಾರು ನಂಬುತ್ತಾರೆ?

ಸಂಜೆಯೊಳಗೆ ಸುದ್ದಿ ಡೊಂಬಿವಲಿ ತಲುಪಿತು. ಫೋನಿನಲ್ಲಿ ಅತ್ತೆ ನಗುತ್ತಲೇ ಇದ್ದರು. "ಅಷ್ಟು ಬೇಜಾರಿದ್ರೆ ಬಾಯಿ ಬಿಟ್ಟು ಹೇಳ್ಬಾರ್ದಾ ಅಳಿಯಂದಿರು? ಕಾರಿಗ್ಯಾಕೆ ಹೊಡಿಯೋದು?" ಎಂದರು. ನನ್ನ ಮುಂದೆ ಈಗ ಎರಡೇ ದಾರಿ: ಹೆಂಡತಿಯನ್ನು ಬಿಟ್ಟಿರಲಾರದ ಗಂಡ ಎನಿಸಿಕೊಳ್ಳುವುದು, ಇಲ್ಲವೇ ಶುದ್ಧ ದಡ್ಡ ಎನಿಸಿಕೊಳ್ಳುವುದು. ಎರಡರಲ್ಲಿ ಯಾವುದಕ್ಕೆ ಮರ್ಯಾದೆ ಹೆಚ್ಚು ಎಂದು ಯೋಚಿಸುತ್ತ ಸೋಪು ಹಾಕಿ ಹಾಕಿ ಸ್ನಾನ ಮಾಡಿದೆ.

ಭಾನುವಾರ ಮಾವ ಗೆಳೆಯರ ವ್ಯಾನು ತಂದರು. ನನ್ನನ್ನೊಮ್ಮೆ, ಇಟ್ಟಿಗೆ ಮೇಲಿದ್ದ ಕಾರನ್ನೊಮ್ಮೆ ನೋಡಿದರು. ಬೈಯಲಿಲ್ಲ. ಬೆನ್ನು ತಟ್ಟಿ, "ನಾನೂ ಇವಳ ಅಮ್ಮನನ್ನು ಕಳಿಸುವಾಗ ಒಂದಿಡೀ ದಿನ ಹೋಟ್ಲು ಮುಚ್ಚಿದ್ದೆ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಇಂಥವರೆದುರು "ಇಲ್ಲ ಮಾವ, ನಾನು ನಟ್ಟನ್ನು ತಪ್ಪು ದಿಕ್ಕಿಗೆ ತಿರುಗಿಸಿದೆ" ಎಂದು ಹೇಗೆ ಹೇಳಲಿ?

ಸುಮತಿ ವ್ಯಾನಿನಲ್ಲಿ ಕೂತಳು. ಬೆನ್ನಿಗೆ ದಿಂಬು ಸರಿಪಡಿಸುವ ನೆಪದಲ್ಲಿ ನಾನು ಬಗ್ಗಿ ಮೆಲ್ಲಗೆ ಕೇಳಿದೆ: "ನೀನೂ ಹಾಗೇ ತಿಳ್ಕೊಂಡಿದ್ದೀಯಾ? ನಾನು ಬೇಕೂಂತ ಮಾಡಿದ್ದು ಅಂತ?"

ಅವಳು ನನ್ನ ಹೆಬ್ಬೆರಳಿಗೆ ಕಟ್ಟಿದ್ದ ಬಟ್ಟೆಯನ್ನು ಸ್ವಲ್ಪ ಬಿಗಿ ಮಾಡಿದಳು.

"ಛೆ, ಇಲ್ಲಪ್ಪ. ಬೇಕೂಂತ ಹಾಳು ಮಾಡ್ಲಿಕ್ಕೂ ಸ್ವಲ್ಪ ಕೆಲಸ ಗೊತ್ತಿರ್ಬೇಕಲ್ಲ!"

ವ್ಯಾನು ಹೊರಟಿತು. ಒಂದು ಬಿಕ್ಕೂ ಇಲ್ಲದೆ, ಒಂಚೂರೂ ಕುಲುಕದೆ, ನಾನು ಮಾತು ಕೊಟ್ಟ ಹಾಗೆಯೇ ಹೋಯಿತು. ಕಿಟಕಿಯಿಂದ ಅವಳ ಕೈ ಬಹಳ ಹೊತ್ತು ಅಲುಗುತ್ತಿತ್ತು. ಕೂಗಿ ಕರೆಯೋಣ ಅನಿಸಿತು. ಇನ್ನು ಎಷ್ಟೋ ತಿಂಗಳು ಅವಳಿಲ್ಲದ ಮನೆಯಲ್ಲಿ ನಾನೊಬ್ಬನೇ ಎನ್ನುವುದು ಆಗಲೇ ನನಗೆ ನೆಟ್ಟಗೆ ತಿಳಿದದ್ದು.

ಸುಮತಿ ಹೇಳಿದ್ದು ಅಕ್ಷರಶಃ ಸತ್ಯ. ನಾನು ಬೇಕೆಂದು ಹಾಳು ಮಾಡಿರಲಿಲ್ಲ. ಕೆಲಸ ಗೊತ್ತಿದ್ದಿದ್ದರೆ ಖಂಡಿತ ಹಾಳು ಮಾಡುತ್ತಿದ್ದೆ.